ಬೆಸುಗೆ ಎಲ್ಲಿದೆ, ಹೇಳಿ!

ಮೊದಲು ಜೀರುಂಡೆ. ಬೇಸಿಗೆಯ ನಡುಹಗಲಲ್ಲಿ ಹುಲ್ಲಿನ ಬುಡದಿಂದ ಏಳುತ್ತದಲ್ಲ, ಬಿಸಿಲೇ ಸದ್ದು ಮಾಡುತ್ತಿದೆ ಅನ್ನಿಸುವಂಥ ಝೇಂಕಾರ, ಅದು. ಅದರ ಒಳಗಿನಿಂದ ಮೆಲೋಡಿಕಾ ಒಂದು ಮೆಲ್ಲಗೆ ಉಸಿರಾಡತೊಡಗುತ್ತದೆ. ಆಮೇಲೆ ಗಂಡಸಿನ ದನಿ. ಕೆರೆಯ ಬೆಚ್ಚಗಿನ ನೀರಿಗೆ ಕುತ್ತಿಗೆಮಟ್ಟ ಇಳಿದು ಮೇಲೆ ಬರಲು ಮನಸ್ಸೇ ಇಲ್ಲದವನ ದನಿ. ಡ್ರಮ್ಸ್ ಸೇರಿಕೊಳ್ಳುತ್ತದೆ, ದನಿ ಕೂಗಾಗುತ್ತದೆ, ಇನ್ನೇನು ಎಲ್ಲ ಕುದಿದು ಉಕ್ಕಿತು ಅನ್ನುವಷ್ಟರಲ್ಲಿ, ಅರೆ! ನಾವು ಬೇರೊಂದು ಹಾಡಿನೊಳಗೆ ಬಂದುಬಿಟ್ಟಿದ್ದೇವೆ. ಪಿಟೀಲುಗಳು ತೂಗುತ್ತಿವೆ. ದನಿ ತಗ್ಗಿದೆ. ಹುಲ್ಲಿನ ಮೇಲೆ ಯಾರೋ ಮೈಚಾಚಿದ್ದಾರೆ. ಹೊಸಿಲು ದಾಟಿದ್ದು ಯಾವಾಗ?

ಎಷ್ಟು ಸಲ ಹಿಂದಕ್ಕೆ ಹೋಗಿ ಕೇಳಿದೆನೋ ಲೆಕ್ಕವಿಲ್ಲ. ಇದು 1986ರ ಅಕ್ಟೋಬರಿನಲ್ಲಿ ಬಂದ ‘ಸ್ಕೈಲಾರ್ಕಿಂಗ್’ ಆಲ್ಬಮ್. ತಂಡದ ಹೆಸರು ಎಕ್ಸ್‌ಟಿಸಿ. ಮೊದಲ ಹಾಡು ‘ಸಮ್ಮರ್ಸ್ ಕಾಲ್ಡ್ರನ್’, ಎರಡನೆಯದು ‘ಗ್ರಾಸ್’. ಎರಡನ್ನೂ ಒಬ್ಬನೇ ಬರೆದು ಒಬ್ಬನೇ ಹಾಡಿದ್ದಾನೆ ಎಂದು ನಂಬಿಕೊಂಡೇ ವಾರಗಟ್ಟಲೆ ಕೇಳಿದೆ. ಒಂದು ರಾತ್ರಿ, ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದಾಗ ಗೊತ್ತಾಯಿತು. ಎರಡು ದನಿ! ಇಬ್ಬರು ಮನುಷ್ಯರು! ಮೊದಲನೆಯದು ಆಂಡಿ ಪಾರ್ಟ್ರಿಜ್‌ನದು, ಎರಡನೆಯದು ಕಾಲಿನ್ ಮೋಲ್ಡಿಂಗ್‌ನದು. ನಾನು ದಾಟಿದ್ದು ಹಾಡಿನಿಂದ ಹಾಡಿಗಷ್ಟೇ ಅಲ್ಲ, ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ. ಎದ್ದು ಕೂತುಬಿಟ್ಟೆ.

ನಮ್ಮ ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವೆಲ್ಡರ್ ಆಗಿದ್ದವರು. ಇಂಗ್ಲಿಷ್ ಹಾಡು ಅವರಿಗೆ ಬೇಕಾಗಿಲ್ಲ. ಆದರೂ ಊರಿಗೆ ಹೋದಾಗ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ.

“ಕಾಕಾ, ಸ್ವಲ್ಪ ಕೇಳ್ರಿ. ಒಂದು ಹಾಡು ಮುಗದು ಇನ್ನೊಂದು ಶುರು ಆಗ್ತದ. ಎಲ್ಲಿ ಅಂತ ಹೇಳ್ರಿ ನೋಡೋಣ.”

ಕಣ್ಣು ಮುಚ್ಚಿ ಕೇಳಿದರು. ಎರಡೂ ಹಾಡು ಮುಗಿದವು. “ಇನ್ನೊಮ್ಮೆ ಹಚ್ಚು,” ಅಂದರು. ಎರಡನೇ ಸಲ ಕೇಳುವಾಗ ಅವರ ಬಲಗೈ ಹೆಬ್ಬೆರಳು ಮೊಣಕಾಲ ಮೇಲಿನ ಲುಂಗಿಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು, ತಗಡಿನ ಜೋಡಣೆ ಹುಡುಕುವವರ ಹಾಗೆ.

“ಸಿಗವಲ್ದಪಾ. ಚಲೋ ವೆಲ್ಡಿಂಗ್ ಅಂದ್ರ ಹಿಂಗ ನೋಡು. ಗ್ರೈಂಡರ್ ಹೊಡದು ಕೈ ಆಡಿಸಿದ್ರ ಜೋಡಿಸಿದ್ದು ಗೊತ್ತಾಗಬಾರ್ದು. ಯಾರು ಮಾಡ್ಯಾರ ಇದನ್ನ?”

ಯಾರು ಮಾಡಿದರು! ಆ ಪ್ರಶ್ನೆ ಹಿಡಿದು ಹೋದವನು ಇನ್ನೂ ವಾಪಸು ಬಂದಿಲ್ಲ.

ದಾರಿ ಶುರುವಾಗುವುದೂ ರೈಲ್ವೆ ಊರಿನಿಂದಲೇ. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಸ್ವಿಂಡನ್. 1840ರ ದಶಕದಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ಎಂಜಿನ್ ಕಾರ್ಖಾನೆಯನ್ನು ಅಲ್ಲಿ ಕಟ್ಟಿತು, ಅದರ ಸುತ್ತ ಊರು ಬೆಳೆಯಿತು. ಇಂಗ್ಲೆಂಡಿನ ಸಂಗೀತ ಲೋಕ ಮ್ಯಾಂಚೆಸ್ಟರ್, ಲಿವರ್‌ಪೂಲ್ ಎಂದರೆ ಕಿವಿ ನೆಟ್ಟಗೆ ಮಾಡುತ್ತದೆ, ಸ್ವಿಂಡನ್ ಎಂದರೆ ನಗುತ್ತದೆ. ಆಂಡಿ ಆ ಊರಿನ ಪೆನ್‌ಹಿಲ್ ಎಂಬ ಸರ್ಕಾರಿ ಮನೆಗಳ ಬಡಾವಣೆಯಲ್ಲಿ ಬೆಳೆದ. ಕಾಲಿನ್ ಬೇಸ್ ಗಿಟಾರ್ ಹಿಡಿದ, ಟೆರಿ ಚೇಂಬರ್ಸ್ ಡ್ರಮ್ಸ್‌ಗೆ ಕೂತ, ಬ್ಯಾರಿ ಆಂಡ್ರೂಸ್ ಕೀಬೋರ್ಡಿಗೆ. 1977ರಲ್ಲಿ ವರ್ಜಿನ್ ಕಂಪನಿಯ ಜೊತೆ ಕರಾರಾಯಿತು. ಎರಡು ಆಲ್ಬಮ್ ಆದ ಮೇಲೆ ಬ್ಯಾರಿ ಹೊರಟುಹೋದ. ಅವನ ಜಾಗಕ್ಕೆ ಇನ್ನೊಬ್ಬ ಕೀಬೋರ್ಡಿನವನನ್ನು ತರದೆ ಅದೇ ಊರಿನ ಗಿಟಾರಿಗ ಡೇವ್ ಗ್ರೆಗರಿಯನ್ನು ಕರೆದರು. ನನ್ನ ಮಟ್ಟಿಗೆ ತಂಡದ ಹಣೆಬರಹ ತಿರುಗಿದ್ದು ಅಲ್ಲಿ. ಡೇವ್ ಹಾಡು ಬರೆಯುವವನಲ್ಲ. ಆದರೆ ಬೇರೆಯವರು ಬರೆದ ಹಾಡು ತನ್ನ ಬಾಯಲ್ಲಿ ತಾನೇ ಹೇಳಿಕೊಳ್ಳಲಾರದ್ದು ಏನಿದೆ ಎಂದು ಹುಡುಕಿ, ಗಿಟಾರಿನಲ್ಲಿ ಹೇಳಿಬಿಡುವವನು!

1979ರ ‘ಮೇಕಿಂಗ್ ಪ್ಲಾನ್ಸ್ ಫಾರ್ ನೈಜೆಲ್’ ಕೇಳಿ. ಮಗನ ಬದುಕನ್ನು ಅಪ್ಪ ಅಮ್ಮನೇ ಬರೆದಿಟ್ಟು, ಅವನಿಗೂ ಅದೇ ಇಷ್ಟ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಕಥೆ. ಎಂಜಿನಿಯರಿಂಗ್ ಸೀಟಿನ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅದರ ಡ್ರಮ್ಸ್ ಗಮನಿಸಿ. ಸಾಮಾನ್ಯವಾಗಿ ಹೈ-ಹ್ಯಾಟ್ ಎಂಬ ಜೋಡಿ ತಾಳ ಟಿಕ್ ಟಿಕ್ ಎಂದು ಲೆಕ್ಕ ಇಡುತ್ತದೆ, ದೊಡ್ಡ ಟಾಮ್ ಡ್ರಮ್ಮು ಆಗಾಗ ಬಂದು ಅಲಂಕಾರ ಮಾಡಿ ಹೋಗುತ್ತದೆ. ಇಲ್ಲಿ ಇಬ್ಬರ ಕೆಲಸವೂ ಅದಲುಬದಲು! ಲೆಕ್ಕ ಇಡುವುದು ಟಾಮ್, ಅದು ಧಡ್ ಧಡ್ ಎಂದು ಕಾರ್ಖಾನೆಯ ಪ್ರೆಸ್ಸಿನ ಹಾಗೆ ಬೀಳುತ್ತಲೇ ಇರುತ್ತದೆ. ನೈಜೆಲ್‌ಗಾಗಿ ಕಾದಿಟ್ಟ ಕಾರ್ಖಾನೆ ಪದಗಳಿಗೂ ಮೊದಲೇ ನಮ್ಮ ಕಿವಿಗೆ ಬಂದಿರುತ್ತದೆ.

ಈ ಹಾಡು ಬ್ರಿಟನ್ನಿನಲ್ಲಿ 17ನೇ ಸ್ಥಾನಕ್ಕೆ ಏರಿತು. ಅದನ್ನು ಬರೆದವನು ತಂಡದ ಮುಂದಾಳು ಆಂಡಿ ಅಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಕಾಲಿನ್. ಆಂಡಿಯ ಎದೆಯಲ್ಲಿ ಏನಾಗಿರಬೇಡ! ಹೆಚ್ಚು ಹಾಡು ಬರೆಯುವವನು, ಹೆಚ್ಚು ಮಾತಾಡುವವನು, ಎಲ್ಲರ ವಾದ್ಯಕ್ಕೂ ಸಲಹೆ ಕೊಡುವವನು ಅವನು. 1982ರಲ್ಲಿ ಅವನ ‘ಸೆನ್ಸಸ್ ವರ್ಕಿಂಗ್ ಓವರ್‌ಟೈಮ್’ 10ನೇ ಸ್ಥಾನಕ್ಕೆ ಹೋಯಿತು. ಅಷ್ಟು ಮೇಲಕ್ಕೆ ಅವರ ಯಾವ ಹಾಡೂ ಮತ್ತೆ ಹೋಗಲಿಲ್ಲ. ಆ ಹಾಡಿದ್ದ ‘ಇಂಗ್ಲಿಷ್ ಸೆಟಲ್‌ಮೆಂಟ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಹಸಿರು ಬಣ್ಣ, ನಡುವೆ ಕೆಲವೇ ಗೆರೆಗಳ ಕುದುರೆ. ಸ್ವಿಂಡನ್ನಿಗೆ ಹತ್ತಿರದ ಉಫಿಂಗ್ಟನ್ ಗುಡ್ಡದಲ್ಲಿ, ಸುಮಾರು ಮೂರು ಸಾವಿರ ವರ್ಷದ ಹಿಂದೆ ಯಾರೋ ನೆಲ ಕೊರೆದು ಸುಣ್ಣಕಲ್ಲು ತುಂಬಿ ಬರೆದ ಕುದುರೆ ಅದು. ಹುಲ್ಲು ಮುಚ್ಚದಂತೆ ಜನ ಇವತ್ತಿಗೂ ಅಲ್ಲಿಗೆ ಹೋಗಿ ಹೊಸ ಸುಣ್ಣಕಲ್ಲು ಕುಟ್ಟಿ ಬರುತ್ತಾರೆ.

ಆ ಆಲ್ಬಮ್ ಬಂದ ವರ್ಷವೇ ಎಲ್ಲವೂ ಕುಸಿಯಿತು. ಆಂಡಿಗೆ ಹುಡುಗನಾಗಿದ್ದಾಗಲೇ ವೈದ್ಯರು ಮನಸ್ಸಿನ ಕಳವಳ ತಗ್ಗಿಸುವ ವೇಲಿಯಂ ಮಾತ್ರೆ ಬರೆದುಕೊಟ್ಟಿದ್ದರು, ಅದು ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು. ಹೆಂಡತಿ ಅವನಿಗೆ ಒಳ್ಳೆಯದಾಗಲೆಂದು ಮಾತ್ರೆಗಳನ್ನು ಎಸೆದಳು. ಅಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ನಿಂತರೆ ಮನಸ್ಸು ನೆಲೆ ತಪ್ಪುತ್ತದೆ ಎಂದು ಆಗ ಅವರಿಗೆ ಯಾರು ಹೇಳಬೇಕು? 1982ರ ಮಾರ್ಚ್ 18, ಪ್ಯಾರಿಸ್. ಕಛೇರಿ ಶುರುವಾದ ಕೆಲವೇ ನಿಮಿಷಗಳಲ್ಲಿ ಆಂಡಿ ಗಿಟಾರ್ ಬಿಟ್ಟು ವೇದಿಕೆಯಿಂದ ಹೊರಗೆ ಓಡಿದ. ಏಪ್ರಿಲ್ಲಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಂದು ಕಛೇರಿ ಹೇಗೋ ಮುಗಿಯಿತು, ಮುಂದಿನದು ರದ್ದಾಯಿತು. ಎಕ್ಸ್‌ಟಿಸಿ ಮತ್ತೆ ಊರೂರು ತಿರುಗಿ ಕಛೇರಿ ಕೊಡಲೇ ಇಲ್ಲ.

ಡ್ರಮ್ಸ್ ಹೊಡೆಯುವವನಿಗೆ ವೇದಿಕೆಯೇ ಇಲ್ಲವೆಂದರೆ? ಮುಂದಿನ ಆಲ್ಬಮ್ಮಿನ ಕೆಲಸ ನಡೆಯುತ್ತಿರುವಾಗಲೇ ಟೆರಿ ಎದ್ದು ಹೋದ, ಆಸ್ಟ್ರೇಲಿಯಾಕ್ಕೆ. ಉಳಿದವರು ಮೂರು ಜನ. ಆ ಕುರ್ಚಿಯಲ್ಲಿ ಕಾಯಂ ಆಗಿ ಮತ್ತೆ ಯಾರೂ ಕೂರಲಿಲ್ಲ. ಪೀಟರ್ ಫಿಪ್ಸ್, ಪ್ರೈರಿ ಪ್ರಿನ್ಸ್, ಪ್ಯಾಟ್ ಮ್ಯಾಸ್ಟಲೊಟೊ, ಡೇವ್ ಮ್ಯಾಟಕ್ಸ್ ಹೀಗೆ ಒಂದೊಂದು ಕಾಲಕ್ಕೆ ಒಬ್ಬೊಬ್ಬ ಅತಿಥಿ. ಅಭಿಮಾನಿಗಳು ಕೂತರೆ ಇದೊಂದರ ಮೇಲೆಯೇ ಇಡೀ ಸಂಜೆ ಕಳೆಯುತ್ತಾರೆ. ಟೆರಿ ಇದ್ದಿದ್ದರೆ ಈ ಹಾಡು ಹೇಗಿರುತ್ತಿತ್ತು? ನಾನೂ ಎಷ್ಟೋ ರಾತ್ರಿ ಅದನ್ನೇ ಯೋಚಿಸಿದ್ದೇನೆ.

ವೇದಿಕೆಯ ಬಾಗಿಲು ಮುಚ್ಚಿದ್ದೇ ಸರಿ, ಒಳಗೆ ಎಷ್ಟು ಕೋಣೆಗಳು ತೆರೆದುಕೊಂಡವು! ನಾಲ್ಕು ಜನ ಸಭೆಯೆದುರು ನುಡಿಸಬಲ್ಲದ್ದನ್ನೇ ಬರೆಯಬೇಕು ಎಂಬ ಹಂಗು ಹೋಯಿತಲ್ಲ. 1985ರ ಏಪ್ರಿಲ್ 1ರಂದು ‘ಡ್ಯೂಕ್ಸ್ ಆಫ್ ಸ್ಟ್ರಾಟೊಸ್ಫಿಯರ್’ ಎಂಬ ತಂಡದ ‘25 ಓ’ಕ್ಲಾಕ್’ ಎಂಬ ಪುಟ್ಟ ಆಲ್ಬಮ್ ಅಂಗಡಿಗೆ ಬಂತು. 1967ರಲ್ಲಿ ಎಲ್ಲೋ ಅಟ್ಟ ಸೇರಿದ್ದ ಟೇಪು ಈಗ ಸಿಕ್ಕಿತೇನೋ ಎಂಬಂಥ ಸದ್ದು. ಸರ್ ಜಾನ್ ಜಾನ್ಸ್, ದಿ ರೆಡ್ ಕರ್ಟನ್, ಲಾರ್ಡ್ ಕಾರ್ನೀಲಿಯಸ್ ಪ್ಲಮ್ ಎಂಬ ಹೆಸರಿನ ಹಿಂದೆ ಅಡಗಿದ್ದವರು ನಮ್ಮ ಮೂವರೇ. ಡ್ರಮ್ಸ್‌ಗೆ ಡೇವ್‌ನ ತಮ್ಮ ಇಯಾನ್. ಗುಟ್ಟು ರಟ್ಟಾಗುವ ಮೊದಲೇ ಅದು ಅವರ ಹಿಂದಿನ ಆಲ್ಬಮ್ ‘ದಿ ಬಿಗ್ ಎಕ್ಸ್‌ಪ್ರೆಸ್’ಗಿಂತ ಚೆನ್ನಾಗಿ ಮಾರಿಹೋಯಿತು. ಆ ಹಾಡುಗಳಲ್ಲಿ ಕೇಳುವ ಖುಷಿಗೆ ಸಾಟಿಯಿಲ್ಲ. ಮೂರು ಜನ ಸ್ನೇಹಿತರು ಶಾಲೆಯ ಹುಡುಗರಾಗಿದ್ದಾಗ ರೇಡಿಯೋದಲ್ಲಿ ಕೇಳಿ ಮರುಳಾದದ್ದನ್ನು, ದೊಡ್ಡವರಾದ ಮೇಲೆ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಟ್ಟುತ್ತಿದ್ದಾರೆ.

ಈಗ ಕಾಕಾನ ಪ್ರಶ್ನೆಗೆ ಬರುತ್ತೇನೆ. ‘ಸ್ಕೈಲಾರ್ಕಿಂಗ್’ ಬಹುಪಾಲು ಆದದ್ದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ, ಅದರ ನಿರ್ಮಾಪಕ ಟಾಡ್ ರಂಡ್‌ಗ್ರೆನ್‌ನ ಸ್ಟುಡಿಯೋದಲ್ಲಿ. ಇವರು ಕಳಿಸಿದ್ದ ಡೆಮೊ ಕ್ಯಾಸೆಟ್‌ಗಳನ್ನು ಕೇಳಿದ ಟಾಡ್, ಒಂದೇ ಒಂದು ಸ್ವರ ಧ್ವನಿಮುದ್ರಣವಾಗುವ ಮೊದಲೇ ಯಾವ ಹಾಡು, ಯಾವುದರ ಹಿಂದೆ ಯಾವುದು ಎಂದು ಗೊತ್ತುಮಾಡಿಬಿಟ್ಟಿದ್ದ. ಬೆಳಗಿನಿಂದ ರಾತ್ರಿ, ಬೇಸಿಗೆಯಿಂದ ಚಳಿಗಾಲ, ಮೊದಲ ಪ್ರೀತಿಯಿಂದ ಸಾವು, ಹೀಗೆ ಒಂದು ಸುತ್ತು. 14 ಹಾಡು, ಅದರಲ್ಲಿ ಐದು ಕಾಲಿನ್‌ನದು. ಬೆಸುಗೆ ಹಾಕಿದ ಕೈ ಟಾಡ್‌ನದು. ಮೊದಲ ಹಾಡಿನಲ್ಲಿ ಮೆಲೋಡಿಕಾ ಊದಿದವನೂ ಅವನೇ.

ಆಂಡಿ ಟಾಡ್‌ನ ಈ ಯಜಮಾನಿಕೆಯನ್ನು ಸಹಿಸಲಿಲ್ಲ. ತನ್ನ ತಂಡದಲ್ಲಿ ಕೊನೆಯ ಮಾತು ತನ್ನದೇ ಆಗಿ ನಡೆದು ಬಂದವನಿಗೆ, ಇನ್ನೊಬ್ಬ ಬಂದು ಪಟ್ಟಿ ಕೈಗಿಟ್ಟರೆ? ಇಬ್ಬರೂ ದಿನವೂ ಕಚ್ಚಾಡಿದರು. ಆ ಉರಿ ಉಳಿದವರಿಗೂ ಹತ್ತಿತು. ‘ಅರ್ನ್ ಎನಫ್ ಫಾರ್ ಅಸ್’ ಹಾಡಿನ ಬೇಸ್ ನುಡಿಸುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಎಂದೂ ದನಿ ಎತ್ತದ ಕಾಲಿನ್ ತಂಡವೇ ಬೇಡವೆಂದು ಹೊರನಡೆದ. ಆಮೇಲೆ ಸಮಾಧಾನವಾಗಿ ಬಂದ. ಇದೆಲ್ಲ ಗೊತ್ತಾದ ಮೇಲೆ ಆ ಹಾಡನ್ನು ಮತ್ತೆ ಕೇಳಿದೆ. ಕಡಿಮೆ ಸಂಬಳದಲ್ಲಿ ಸಂಸಾರ ತೂಗಿಸುವ ಗಂಡನ ಆಸೆಯ ಹಾಡು ಅದು. ಕೆಳಗೆ ಬೇಸ್ ಎಷ್ಟು ನಗುನಗುತ್ತ ಓಡುತ್ತಿದೆ! ಅಷ್ಟು ದೊಡ್ಡ ಜಗಳದ ಒಂದು ಗೀರೂ ಅದರ ಮೇಲೆ ಇಲ್ಲ.

ಅದೇ ಆಲ್ಬಮ್ಮಿನ ‘1000 ಅಂಬ್ರೆಲಾಸ್’ ಕೇಳುವಾಗ ಡೇವ್‌ನನ್ನು ನೆನೆಯಿರಿ. ಪ್ರೀತಿ ಮುರಿದು ಮಳೆಯಲ್ಲಿ ನಿಂತವನ ಹಾಡು, ಬರೆದದ್ದು ಆಂಡಿ. ಅದರ ತುಂಬ ಸುಳಿಯುವ ಪಿಟೀಲು, ಚೆಲ್ಲೊಗಳ ಸ್ವರಗಳನ್ನು ಕೂರಿಸಿದವನು ಡೇವ್. ಕೆಳಕ್ಕೆ ಜಾರುವ ಒಂದೊಂದು ಸಾಲೂ ಮೆಟ್ಟಿಲಿಳಿಯುವಾಗ ಕಾಲು ತಪ್ಪಿದ ಹಾಗಿದೆ. ಮುಂದೆ ಏಳಲು ಹೋಗಿ ಮತ್ತೆ ಜಾರುತ್ತದೆ. ದುಃಖವನ್ನು ಬರೆದವನು ಒಬ್ಬ, ಅದಕ್ಕೆ ಮೈ ಕೊಟ್ಟವನು ಇನ್ನೊಬ್ಬ. ಅಭಿಮಾನಿಯಾಗಿ ನನ್ನದೊಂದು ಹಟವಿದೆ: ಡೇವ್ ಗ್ರೆಗರಿಯ ಹೆಸರು ಹೇಳದೆ ಆಂಡಿಯನ್ನು ಹೊಗಳುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ.

ಕಾಲಿನ್‌ನ ‘ದಿ ಮೀಟಿಂಗ್ ಪ್ಲೇಸ್’ ಶುರುವಾಗುವುದು ಯಂತ್ರದ ಸದ್ದಿನಿಂದ. ಕಾರ್ಖಾನೆಯ ಪಕ್ಕದಲ್ಲಿ ಕದ್ದು ಭೇಟಿಯಾಗುವ ಹುಡುಗ ಹುಡುಗಿಯ ಹಾಡು. ಸ್ವಿಂಡನ್ನಿನ ರೈಲ್ವೆ ಕಾರ್ಖಾನೆ ಬಾಗಿಲು ಮುಚ್ಚಿದ್ದು 1986ರ ಮಾರ್ಚಿನಲ್ಲಿ. ಆಲ್ಬಮ್ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ! ಊರಿನಲ್ಲಿ ನಿಂತುಹೋದ ಸಪ್ಪಳ ಹಾಡಿನಲ್ಲಿ ಉಳಿದುಕೊಂಡಿದೆ. ವರ್ಕ್‌ಶಾಪಿನ ಭೋಂಗಾ ಕೂಗಿದ ಮೇಲೆಯೇ ಮನೆಯಲ್ಲಿ ಊಟದ ತಾಟು ಇಡುತ್ತಿದ್ದ ನಮ್ಮಂಥವರಿಗೆ ಇದು ಎಲ್ಲಿ ತಾಗುತ್ತದೆ ಎಂದು ಹೇಳಲಾರೆ.

ಇನ್ನೊಂದಿದೆ, ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು! ಸದ್ದು ತೆಳುವಾಗಿದೆ, ಬೇಸ್ ಸಾಲದು ಎಂಬ ಕೊರಗು ಆ ಆಲ್ಬಮ್ಮಿಗೆ ಮೊದಲಿನಿಂದ ಅಂಟಿಕೊಂಡಿತ್ತು. ಹೊಸದಾಗಿ ಮಾಸ್ಟರಿಂಗ್ ಮಾಡಲು ಕೂತ ಜಾನ್ ಡೆಂಟ್ ಎಂಬ ಎಂಜಿನಿಯರಿಗೆ ಕಾರಣ ಹೊಳೆಯಿತು. ಧ್ವನಿಯ ಧ್ರುವತೆ ತಿರುಗಿತ್ತು. ಡ್ರಮ್ಮಿಗೆ ಏಟು ಬಿದ್ದಾಗ ಸ್ಪೀಕರಿನ ಪೊರೆ ನಮ್ಮ ಕಡೆಗೆ ಉಬ್ಬಿ ಗಾಳಿಯನ್ನು ತಳ್ಳಬೇಕು. ತಂತಿ ಎಲ್ಲೋ ಒಂದು ಕಡೆ ಅದಲುಬದಲಾಗಿದ್ದರೆ ತಳ್ಳಬೇಕಾದಾಗ ಎಳೆದುಕೊಳ್ಳುತ್ತದೆ. ಸ್ವರ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಭಾರ ಮಾತ್ರ ಸೋರಿಹೋಗುತ್ತದೆ. ಸರಿಪಡಿಸಿದ ಆವೃತ್ತಿ ಬಂದದ್ದು 2010ರಲ್ಲಿ. ಇಪ್ಪತ್ನಾಲ್ಕು ವರ್ಷ ಜನ ಈ ಸಂಗೀತವನ್ನು ಒಳಹೊರಗಾದ ಅಂಗಿಯ ಹಾಗೆ ತೊಟ್ಟುಕೊಂಡೇ ಪ್ರೀತಿಸಿದ್ದರು! ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಹೊಸದರಲ್ಲಿ ಕಾಲಿನ್‌ನ ಬೇಸ್ ಗೋಡೆಯಾಚೆಯಿಂದ ಎದ್ದು ಬಂದು ನನ್ನ ಪಕ್ಕ ಕೂತಿತು.

ಕಿವಿ ಒಮ್ಮೆ ಹೀಗೆ ತೆರೆದರೆ ಪ್ರತಿ ಹಾಡಿನಲ್ಲೂ ಯಾರು ಯಾರಿಗೆ ಏನು ಕೊಟ್ಟರು ಎಂದು ಹುಡುಕುವ ಚಟ ಹತ್ತುತ್ತದೆ. 1989ರ ‘ಮೇಯರ್ ಆಫ್ ಸಿಂಪಲ್‌ಟನ್’ ಹಾಡಿನಲ್ಲಿ ಬೇಸ್ ಒಂದು ಕ್ಷಣ ನಿಲ್ಲದೆ, ಹಾಡಿನ ಧಾಟಿಗೆ ಎದುರಾಗಿ ತಾನೇ ಇನ್ನೊಂದು ಧಾಟಿ ಹೆಣೆಯುತ್ತ ಹೋಗುತ್ತದೆ. ಇದು ಕಾಲಿನ್‌ನ ಕಲ್ಪನೆಯ ಶಿಖರ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ತಿಳಿಯಿತು, ಆ ಸಾಲನ್ನು ಸ್ವರ ಸ್ವರ ಕೂಡಿಸಿ ಕಟ್ಟಿದವನು ಆಂಡಿಯೇ. ಕಾಲಿನ್ ಅದನ್ನು ಕಲಿತು ನುಡಿಸಿದ. ಆದರೆ ಹಾಗೆ ನುಡಿಸಲು ಅವನೊಬ್ಬನಿಂದಲೇ ಆಗುತ್ತಿತ್ತು, ಮತ್ತು ನುಡಿಸುವ ಆ ಬೆರಳುಗಳು ಇಲ್ಲದಿದ್ದರೆ ಆಂಡಿಗೆ ಅದನ್ನು ಬರೆಯುವ ಧೈರ್ಯ ಬರುತ್ತಿತ್ತೇ?

1992ರ ‘ನಾನ್‌ಸಚ್’ ಆದ ಮೇಲೆ ಕಂಪನಿಯ ಜೊತೆ ಮನಸ್ತಾಪ. ಕರಾರಿನಿಂದ ಬಿಡುಗಡೆ ಕೊಡುವವರೆಗೆ ಒಂದು ಹಾಡನ್ನೂ ಕೊಡುವುದಿಲ್ಲ ಎಂದು ಮುಷ್ಕರ ಹೂಡಿದರು. ಸಂಗೀತಗಾರರ ಮುಷ್ಕರ, ಅದೂ ವರ್ಷಗಟ್ಟಲೆ! ಬಿಡುಗಡೆ ಸಿಕ್ಕಿ ಕೆಲಸ ಶುರುವಾದಾಗ ಆಂಡಿಯ ತಲೆಯಲ್ಲಿ ವಾದ್ಯವೃಂದ ತುಂಬಿತ್ತು. ಗಿಟಾರುಗಳನ್ನೇ ಉಸಿರಾಡುವ ಡೇವ್‌ಗೆ ಅಲ್ಲಿ ಜಾಗವೆಲ್ಲಿ? 1998ರಲ್ಲಿ ಆಲ್ಬಮ್ ಅರ್ಧದಲ್ಲಿರುವಾಗ ಅವನು ಹೊರಟುಹೋದ. ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ನಲವತ್ತು ಜನರ ವಾದ್ಯವೃಂದ ನುಡಿಸಿ ಮುಗಿಸಿದ್ದು 1999ರಲ್ಲಿ ‘ಆಪಲ್ ವೀನಸ್’ ಆಗಿ ಹೊರಬಂತು. ಅದರ ಮೊದಲ ಹಾಡು ‘ರಿವರ್ ಆಫ್ ಆರ್ಕಿಡ್ಸ್’. ತೊಟ್ಟಿಕ್ಕುವ ನೀರು, ಅದರ ಮೇಲೆ ಬೆರಳಿನಿಂದ ಮೀಟಿದ ಪಿಟೀಲಿನ ಒಂದು ತುಣುಕು, ಅದರ ಸಂದಿನಲ್ಲಿ ತುತ್ತೂರಿಯ ಇನ್ನೊಂದು ತುಣುಕು. ಒಂದೂ ಬದಲಾಗುವುದಿಲ್ಲ, ಒಂದರ ಮೇಲೊಂದು ಸುತ್ತುತ್ತಲೇ ಇರುತ್ತವೆ, ಕೇಳುತ್ತ ಕೇಳುತ್ತ ಕಿವಿಯೊಳಗೊಂದು ಬಳ್ಳಿ ಹಬ್ಬಿರುತ್ತದೆ. ಬೆರಗಿನಲ್ಲಿ ಮಾತು ಹೊರಡದು. ಆದರೂ ಆ ಆಲ್ಬಮ್ಮಿನಲ್ಲಿ ಡೇವ್ ಇಲ್ಲದ ಕಡೆ ಗಾಳಿ ಬೀಸುವುದು ನನಗೆ ಕೇಳುತ್ತದೆ. 2000ದಲ್ಲಿ ಇನ್ನೊಂದು ಆಲ್ಬಮ್ ಬಂತು, ಆಮೇಲೆ ಕಾಲಿನ್ ಕೂಡ ಹೊರಟ.

ತಂಡ ಮುಗಿದರೂ ನಿಧಿ ಮುಗಿಯಲಿಲ್ಲ. ಆಂಡಿ ತನ್ನ ಹಿತ್ತಲಿನ ಶೆಡ್ಡಿನಲ್ಲಿ, ಮನೆಯ ಮೂಲೆಯಲ್ಲಿ ಮಾಡಿಟ್ಟಿದ್ದ ಡೆಮೊಗಳನ್ನು 2002ರಿಂದ 2006ರವರೆಗೆ ‘ಫಜಿ ವಾರ್ಬಲ್ಸ್’ ಎಂಬ ಹೆಸರಿನಲ್ಲಿ ಎಂಟು ಸಂಪುಟವಾಗಿ ಹೊರಗೆ ಬಿಟ್ಟ. ಮುಗಿದ ಹಾಡನ್ನು ವರ್ಷಗಟ್ಟಲೆ ಕೇಳಿದವರಿಗೆ ಆ ಹಾಡಿನ ಎಳೆಗೂಸಿನ ದನಿ ಸಿಕ್ಕರೆ! ಅಭಿಮಾನಿಗಳು ಒಂದೊಂದನ್ನೂ ಎರಡು ಕಿವಿಗೆ ಎರಡು ಹಚ್ಚಿದ ಹಾಗೆ ಹೋಲಿಸುತ್ತಾರೆ. ಈ ತಿರುವು ಡೆಮೊದಲ್ಲಿ ಇರಲಿಲ್ಲ, ಹಾಗಾದರೆ ಕಾಲಿನ್‌ನದು. ಈ ಸ್ವರ ಮೊದಲೇ ಇತ್ತು, ಹಾಗಾದರೆ ಆಂಡಿಯದು. ಎಂಟರಲ್ಲಿ ನಾನು ಇನ್ನೂ ಐದನೆಯದರಲ್ಲಿ ಇದ್ದೇನೆ, ಬೇಗ ಮುಗಿಸಲು ಮನಸ್ಸಿಲ್ಲ.

2018ರಲ್ಲಿ ಆಸ್ಟ್ರೇಲಿಯಾದಿಂದ ಮರಳಿದ್ದ ಟೆರಿ ಮತ್ತು ಕಾಲಿನ್ ‘ಟಿಸಿ ಆ್ಯಂಡ್ ಐ’ ಎಂಬ ಹೆಸರಿನಲ್ಲಿ ಸ್ವಿಂಡನ್ನಿನ ಪುಟ್ಟ ಆರ್ಟ್ಸ್ ಸೆಂಟರ್‌ನಲ್ಲಿ ಕೆಲವು ಸಂಜೆ ಕಛೇರಿ ಮಾಡಿದರು. 36 ವರ್ಷದ ಮೇಲೆ! ಕಾಲಿನ್ ಬೇಸ್ ಹಿಡಿದು, ಹಿಂದೆ ಟೆರಿ ಕೂತು. ಸಮುದ್ರ ದಾಟಿ ಬಂದವರೂ ಆ ಕುರ್ಚಿಗಳಲ್ಲಿ ಕೂತಿದ್ದರು. ಇದನ್ನೆಲ್ಲ ಕಾಕಾನಿಗೆ ಕಳೆದ ದೀಪಾವಳಿಯಲ್ಲಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

“ಮೊದಲನೇ ಹಾಡಿನಾಂವ? ಅಂವ ಇದ್ನೇನು?”

“ವೇದಿಕಿ ಮ್ಯಾಲೆ ಇರಲಿಲ್ರಿ, ಕಾಕಾ.”

ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಆಮೇಲೆ ಹೆಡ್‌ಫೋನಿಗೆ ಕೈ ಚಾಚಿದರು. “ಇನ್ನೊಮ್ಮೆ ಹಚ್ಚು. ಜೀರುಂಡಿ ಇಂದ.”